ಹಂಪವ್ವ ಹಾಡು ನಿಲ್ಲಿಸಿದ್ದು

ಹೊಳೆದಂಡೆಯ ಆ ಆಶ್ರಮದಲ್ಲಿ ಒಂದು ನಿಯಮವಿತ್ತು. ಸಿದ್ಧಮ್ಮತಾಯಿಯ ಪ್ರವಚನ ಶುರುವಾದ ಮೇಲೆ ಮಂಗಳ ಹಾಡುವ ತನಕ ಯಾರೂ ಏಳುವಂತಿಲ್ಲ.

ಅಲ್ಲಿನ ಔಷಧಿ ಕೋಣೆ ನೋಡಿಕೊಳ್ಳುತ್ತಿದ್ದ ಶಿಷ್ಯೆ ವಿಶಾಲಾಕ್ಷಿ ಡಾಕ್ಟರಿಕೆ ಓದಿದವಳು. ಬುದ್ಧಿವಂತೆ. ತಾನು ಬುದ್ಧಿವಂತೆ ಅನ್ನುವುದೂ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ಮಧ್ಯಾಹ್ನ ಅವಳು ಗುರುವಿನ ಹತ್ತಿರ ದೂರು ತಂದಳು.

“ಅಮ್ಮಾ, ಹಂಪವ್ವ ಪ್ರವಚನಕ್ಕೇ ಬರ್ತಿಲ್ಲ. ಮೊದಲು ಮುಂದೆ ಕೂತು ಎತ್ತರದ ದನಿಯಲ್ಲಿ ತತ್ವಪದ ಹಾಡ್ತಿದ್ರು. ಆಮೇಲೆ ಬಾಗಿಲ ಹತ್ತಿರ ಕೂತರು. ಈಗ ದನದ ಕೊಟ್ಟಿಗೆ ಬಿಟ್ಟು ಬರೋದೇ ಇಲ್ಲ. ಭಕ್ತಿ ಬತ್ತಿಹೋಗಿದೆ.”

“ನಿನ್ನ ಹತ್ತಿರ ಯಾವತ್ತಾದರೂ ಬಂದಿದ್ದಳಾ?”

“ಎಂಟು ವರ್ಷದ ಹಿಂದೆ ಬಂದಿದ್ರು. ಕೆಮ್ಮಿದರೆ, ನಕ್ಕರೆ, ದನಿ ಎತ್ತಿದರೆ ಮೂತ್ರ ಜಿನುಗುತ್ತೆ ಅಂದ್ರು.”

“ನೀನೇನಂದೆ?”

“ಎಲ್ಲ ತೂಗಿ ನೋಡಿದೆ, ಅಮ್ಮಾ. ಒಳಗಿನ ಸ್ನಾಯು ಬಿಗಿ ಹಿಡಿದು ಬಿಡೋ ವ್ಯಾಯಾಮ ಇದೆ, ತಿಂಗಳುಗಟ್ಟಲೆ ತಪ್ಪದೆ ಮಾಡಬೇಕು. ಜಿನುಗು ತಡೆಯೋಕೆ ಒಳಗೆ ಇಟ್ಟುಕೊಳ್ಳೋ ರಬ್ಬರ್ ಉಂಗುರ ಇದೆ, ಆಗಾಗ ತೆಗೆದು ತೊಳೀಬೇಕು. ಆಪರೇಷನ್ನಿಂದ ತುಂಬಾ ಜನಕ್ಕೆ ಗುಣ ಆಗುತ್ತೆ, ಆದರೆ ಕೆಲವರಿಗೆ ನೋವು ಉಳಿಯುತ್ತೆ, ಮೂತ್ರ ಕಟ್ಟುತ್ತೆ. ಪ್ರಾಣ ತೆಗೆಯೋ ಕಾಯಿಲೆ ಅಲ್ಲ, ವಯಸ್ಸೂ ಆಯ್ತು, ಹೀಗೇ ಹೊಂದಿಕೊಂಡು ಹೋಗಿ ಅಂದೆ.”

“ಅವಳು?”

“ತಲೆಯಾಡಿಸಿ ಹೋದ್ರು.”

ತಾಯಿ ಹೊಳೆಯ ಕಡೆ ಕೈ ತೋರಿಸಿದರು.

“ಹೊಳೆಗಿಳಿದು ಸೊಂಟದವರೆಗೆ ನೆನೆದು ಬಾ. ಸೀರೆ ಬದಲಿಸಬೇಡ. ಇವತ್ತು ಮುಂದಿನ ಸಾಲಲ್ಲಿ ಕೂರು. ಯಾರಿಗೂ ಕಾರಣ ಹೇಳಬೇಡ.”

ವಿಶಾಲಾಕ್ಷಿ ಹಾಗೇ ನೆನೆದು ಬಂದು ಕೂತಳು. ಕೂತಲ್ಲೇ ನೆಲ ಒದ್ದೆಯಾಯಿತು. ಪಕ್ಕದವಳು ಸೆರಗು ಎಳೆದುಕೊಂಡು ದೂರ ಸರಿದಳು. ಹಿಂದೆ ಯಾರೋ ಪಿಸುಗುಟ್ಟಿದರು. ಅವಳು ಏಳುವಂತಿರಲಿಲ್ಲ. ಪಾಪ, ಆ ಒಂದು ಗಂಟೆ ಅವಳಿಗೆ ಮುಗಿಯಲೇ ಇಲ್ಲ.

ಎಲ್ಲರೂ ಹೋದ ಮೇಲೆ ತಾಯಿ ಕೇಳಿದರು.

“ಇವತ್ತು ನಾನೇನು ಹೇಳಿದೆ?”

“ಒಂದು ಮಾತೂ ಕಿವಿಗೆ ಬೀಳಲಿಲ್ಲ, ಅಮ್ಮಾ. ಯಾರು ನೋಡ್ತಿದ್ದಾರೆ, ಯಾವಾಗ ಮುಗಿಯುತ್ತೆ, ಅಷ್ಟೇ ತಲೆಯಲ್ಲಿತ್ತು.”

“ಅವತ್ತು ತೂಗುವಾಗ ತಕ್ಕಡಿಗೆ ಇದನ್ನು ಹಾಕಿದ್ದೆಯಾ?”

ವಿಶಾಲಾಕ್ಷಿ ಅಳತೊಡಗಿದಳು.

“ಇಲ್ಲ. ಚಿಕಿತ್ಸೆಯ ಕಷ್ಟ ತೂಗಿದೆ, ಸುಮ್ಮನಿರೋದರ ಕಷ್ಟ ತೂಗಲಿಲ್ಲ. ನಿಮಗೇನು ಬೇಕು ಅಂತ ಅವರನ್ನ ಕೇಳಲೂ ಇಲ್ಲ.”

“ಏಳಬಾರದು ಅಂತ ನಿಯಮ ಮಾಡಿದವಳು ನಾನು. ಅವಳ ಹಾಡು ನಿಂತಾಗ ಯಾಕೆ ಅಂತ ನಾನೂ ಕೇಳಲಿಲ್ಲ.”

ವಿಶಾಲಾಕ್ಷಿ ಕಣ್ಣೊರೆಸಿಕೊಂಡು ಎದ್ದಳು.

“ಈಗಲೇ ಕೊಟ್ಟಿಗೆಗೆ ಹೋಗ್ತೀನಿ. ಇರೋ ದಾರಿಯೆಲ್ಲ ಹೇಳಿ, ಯಾವುದು ಬೇಕು ಅಂತ ಅವರನ್ನೇ ಕೇಳ್ತೀನಿ. ಈಗಲೂ ಗುಣ ಆಗಬಹುದಲ್ವಾ, ಅಮ್ಮಾ?”

“ಹೋಗು. ಕಾಯಿಲೆಗೆ ಈಗಲೂ ಮದ್ದಿದೆ, ಮಗಳೇ. ಹೋದ ಎಂಟು ವರ್ಷಕ್ಕೆ ನನ್ನ ಹತ್ತಿರವೂ ಇಲ್ಲ.”