ಕೂತಗಲ್ಲು ಕೂತ ದಿನ

ನಮ್ಮೂರ ಕೂತಗಲ್ಲನ್ನು ಹೆಸರು ಕೇಳಿ ನೋಡಲು ಬಂದವರಿಗೆ ಮೊದಲು ಆಗುವುದು ನಿರಾಸೆ. ಊರಾಚೆಯ ಗರಸುದಿಬ್ಬ ಹತ್ತಿ ಹೋದರೆ ಅಲ್ಲಿರುವುದು ಒಬ್ಬ ಆಳು ಕೂತಷ್ಟೇ ಎತ್ತರದ ಒಂದು ಕರಿಯ ಬಂಡೆ. ಕೆತ್ತನೆಯಿಲ್ಲ, ಗುಡಿಯಿಲ್ಲ, ತಲೆಯ ಮೇಲೆ ನೆರಳೂ ಇಲ್ಲ. ಸುತ್ತ ದುಂಡಗೆ ಹಾಸುಗಲ್ಲುಗಳನ್ನು ಜೋಡಿಸಿದ್ದಾರೆ. ಬಂಡೆಯ ಬುಡದಲ್ಲಿ ಹಿಡಿಕೆಯುಳ್ಳ ಎರಡು ಮರದ ಹಲಗೆಗಳಿವೆ. ಗಾರೆ ಕೆಲಸದವರು ಬಿಟ್ಟುಹೋದದ್ದೇನೋ ಎಂದು ತಿಳಿದವರೂ ಉಂಟು. ಆದರೆ ಆ ದುಂಡಿನೊಳಗೆ ಕಾಲಿಟ್ಟ ಮೇಲೆ ಯಾರೂ ನಿಂತು ಮಾತಾಡುವುದಿಲ್ಲ. ಹೇಳುವುದೇನಿದ್ದರೂ ಕೂತು ಹೇಳಬೇಕು. ಜಮೀನು ಅಳೆಯಲು ಬಂದ ಸಾಹೇಬರೊಬ್ಬರು ಇಸ್ತ್ರಿ ಮಾಡಿದ ಪ್ಯಾಂಟನ್ನೂ ಲೆಕ್ಕಿಸದೆ ಗರಸಿನ ಮೇಲೆ ಕೂತು ಅಳತೆ ಓದಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಹಿಂದೆ ಒಮ್ಮೆ, ಪಾಳೆಯಗಾರರ ಕೋಟೆಗಳು ಏಳುವುದಕ್ಕೂ ಮೊದಲು, ಈ ಬಂಡೆ ಎರಡಾಳೆತ್ತರ ನೆಟ್ಟಗೆ ನಿಂತಿತ್ತು ಎನ್ನುತ್ತಾರೆ. ಆಗ ಇದರ ಹೆಸರು ನಿಲುಗಲ್ಲು. ಸುತ್ತಲ ಏಳು ಹಳ್ಳಿಗಳ ನ್ಯಾಯ ತೀರುತ್ತಿದ್ದುದು ಇದರ ಬುಡದಲ್ಲೇ. ಹಿರಿಯರು ಹಾಸುಗಲ್ಲುಗಳ ಮೇಲೆ ಕೂರುವರು. ದೂರು ತಂದವರು ಮಾತ್ರ ಬಂಡೆಗೆ ಬೆನ್ನು ತಾಗಿಸಿ, ನೆಟ್ಟಗೆ ನಿಂತು, ತಮ್ಮ ಬಾಯಿಂದ ಹೇಳಬೇಕು. ನಿಂತವನು ಸುಳ್ಳನ್ನು ಉದ್ದ ಎಳೆಯಲಾರ ಎಂದು ಮೊದಲಿನವರು ಯೋಚಿಸಿ ಮಾಡಿದ ಕಟ್ಟಳೆಯಂತೆ ಅದು. ಬಿಸಿಲಲ್ಲಿ ನಿಂತರೆ ಮಾತು ಬೇಗ ಮುಗಿಯುತ್ತದೆ, ಹಿರಿಯರು ಊಟದ ಹೊತ್ತಿಗೆ ಮನೆ ಸೇರಬಹುದು ಎಂಬುದೂ ಕಾರಣವಿದ್ದೀತು ಎಂದು ನನ್ನ ಗುಮಾನಿ. ಅದೇನೇ ಇರಲಿ, ಕಾಲ ಸರಿದಂತೆ ಕಾರಣವನ್ನು ಎಲ್ಲರೂ ಮರೆತರು, ಕಟ್ಟಳೆ ಮಾತ್ರ ಉಳಿಯಿತು. ನಿಲ್ಲಲಾರದವರು ಏನು ಮಾಡಬೇಕೆಂದು ಯಾರೂ ಕೇಳಿರಲಿಲ್ಲ.

ಆ ಕಾಲಕ್ಕೆ ಊರಲ್ಲಿ ದುಗ್ಗವ್ವ ಎಂಬ ಮೇದರ ಹೆಣ್ಣುಮಗಳಿದ್ದಳು. ಹುಟ್ಟಿದಂದಿನಿಂದ ಅವಳ ಕಾಲುಗಳಲ್ಲಿ ಬಲವಿರಲಿಲ್ಲ. ಅವಳ ತಮ್ಮ ಓಬಯ್ಯ ಬೇವಿನ ಮರದಲ್ಲಿ ಹಿಡಿಕೆಯಿರುವ ಎರಡು ಕೈಹಲಗೆ ಮಾಡಿಕೊಟ್ಟಿದ್ದ. ಅವನ್ನು ನೆಲಕ್ಕೆ ಊರಿ, ಮೈಯನ್ನು ಮುಂದಕ್ಕೆ ಎತ್ತಿಹಾಕುತ್ತ ಅವಳು ಊರೆಲ್ಲ ತಿರುಗುವಳು, ತಾನು ಹೆಣೆದ ಮೊರ ಬುಟ್ಟಿಗಳನ್ನು ತಾನೇ ಮಾರುವಳು. ಅವಳ ಕೈಯ ಮೊರದಲ್ಲಿ ರಾಗಿಯ ಒಂದು ಕಾಳೂ ಸೋರುತ್ತಿರಲಿಲ್ಲವಂತೆ. ಊರಗೌಡ ಮುದ್ದಣ್ಣನ ಮಗ ಬೈರಲಿಂಗನಿಗೂ ಅವನ ಜೊತೆಗಾರರಿಗೂ ಅವಳ ನಡಿಗೆಯೇ ಒಂದು ಆಟ. ಅವಳ ಹಿಂದೆ ಸಾಲಾಗಿ ಕೈಯೂರಿ ತೆವಳುವರು, ಕಪ್ಪೆಯಂತೆ ಕೂಗುವರು. ಕಟ್ಟೆಯ ಮೇಲಿನ ದೊಡ್ಡವರು ಮೀಸೆಯಡಿಯಲ್ಲಿ ನಗುವರು. ದುಗ್ಗವ್ವ ಅದನ್ನು ವರ್ಷಗಟ್ಟಲೆ ನುಂಗಿಕೊಂಡಳು. ಒಂದು ದಿನ ಅವಳು ನೀರು ಕುಡಿಯಲು ಕೈಹಲಗೆಗಳನ್ನು ಪಕ್ಕಕ್ಕಿಟ್ಟಾಗ ಬೈರಲಿಂಗ ಎರಡನ್ನೂ ಎತ್ತಿ ಹಾಳುಬಾವಿಗೆ ಎಸೆದ. ಅಂದು ಅವಳು ಬರಿಗೈಯಲ್ಲೇ ತೆವಳಿ, ಅಂಗೈಯ ಚರ್ಮ ಕಿತ್ತುಕೊಂಡು ಮನೆ ಸೇರಿದಳು.

ಓಬಯ್ಯ ಹೊಸ ಹಲಗೆ ಮಾಡಲು ಕೂತರೆ ಅವಳು ಅವನ ಉಳಿಯನ್ನು ಹಿಡಿದುಕೊಂಡಳು. ಅವಳಿಗೆ ಬೇಕಾಗಿದ್ದುದು ನ್ಯಾಯ. “ನಾನು ನಿಂತ್ಕಂಡು ಹೇಳ್ತೀನಿ ಬಿಡಕ್ಕ,” ಎಂದ ಅವನು. “ನೀನು ಹೇಳಿದ್ರೆ ಅದು ನಿನ್ನ ಮಾತಾಯ್ತದೆ ಕಣಪ್ಪ,” ಎಂದಳು ಅವಳು. “ಕೈ ಕಿತ್ತುಹೋದದ್ದು ನಂದು.”

ನ್ಯಾಯದ ದಿನ ಅವಳು ದಿಬ್ಬ ಹತ್ತಿದಳು. ಗರಸು ಕಾದಿತ್ತು, ಅವಳು ಹೋದ ದಾರಿಯುದ್ದಕ್ಕೂ ಅಂಗೈಯ ರಕ್ತದ ಗುರುತು ಬಿದ್ದಿತ್ತು ಎನ್ನುತ್ತಾರೆ. ಬಂಡೆಯ ಬುಡದಲ್ಲಿ ಕೂತು ಬಾಯಿ ತೆರೆದೊಡನೆ ಮುದ್ದಣ್ಣಗೌಡ ಕೈಯೆತ್ತಿ ತಡೆದ. ಎದುರಿಗಿದ್ದವನು ಅವನ ಮಗ, ಕೈಗೆ ಸಿಕ್ಕಿದ್ದು ಹಳೆಯ ಕಟ್ಟಳೆ. “ನಿಂತು ಹೇಳವ್ವ. ಕೂತೋರ ಮಾತು ಇಲ್ಲಿ ನಡೆಯಾಕಿಲ್ಲ,” ಎಂದ. ಬೈರಲಿಂಗ ನಗುತ್ತ ಎದ್ದು, “ನಿಲ್ಲಿಸಿದ್ರಾಯ್ತು,” ಎಂದು ಜೊತೆಗಾರನೊಬ್ಬನನ್ನು ಕರೆದುಕೊಂಡು ಅವಳ ಕಂಕುಳಿಗೆ ಕೈಹಾಕಿ ಎತ್ತಿ, ಬಂಡೆಗೆ ಒರಗಿಸಿ, ಕೈಬಿಟ್ಟ. ಅವಳು ದೊಪ್ಪನೆ ಕುಸಿದಳು. ಸಭೆಗೆ ಸಭೆಯೇ ನಕ್ಕಿತು. ನ್ಯಾಯ ಹೇಳಬೇಕಾದ ಹಿರಿಯರೂ ನಕ್ಕರು. ಇದನ್ನು ಬರೆಯುವಾಗ ಈಗಲೂ ನನ್ನ ಮೈ ಉರಿಯುತ್ತದೆ, ಆ ನಕ್ಕವರಲ್ಲಿ ನನ್ನ ವಂಶದವರೂ ಇದ್ದಿರಬೇಕಲ್ಲ.

ದುಗ್ಗವ್ವ ಅಳಲಿಲ್ಲ. ಸಭೆಗೆ ಬೆನ್ನು ತಿರುಗಿಸಿ ಬಂಡೆಯ ಬುಡಕ್ಕೆ ತನ್ನ ಎರಡು ಅಂಗೈಗಳನ್ನು ಒತ್ತಿದಳು. ಮನೆಯ ಹಿರಿಯರೊಬ್ಬರನ್ನು ಕೇಳುವ ದನಿಯಲ್ಲಿ, “ನಂಗೆ ನಿಲ್ಲಾಕೆ ಆಗಾಕಿಲ್ಲ ಕಣಪ್ಪ,” ಎಂದಳು. “ನೀನಾದ್ರೂ ಕೂತ್ಕೋಬೌದಲ್ಲ.”

ಬಂಡೆ ಕೂತಿತು.

ನಡುಹಗಲು ಅದು, ಏಳು ಹಳ್ಳಿಯವರೂ ನೋಡುತ್ತಿದ್ದರು. ಸಿಡಿಲಿಲ್ಲ, ಗುಡುಗಿಲ್ಲ, ಬಿರುಕು ಬಿಟ್ಟ ಸದ್ದೂ ಇಲ್ಲ. ದಣಿದ ಮುದುಕರು ಜಗಲಿಗೆ ಕೂರುವ ಹಾಗೆ ಅಷ್ಟು ದೊಡ್ಡ ಬಂಡೆ ನಿಧಾನವಾಗಿ ನೆಲದೊಳಗೆ ಇಳಿಯಿತು. ಅವಳ ತಲೆಗೆ ತನ್ನ ತಲೆ ಸಮವಾದಾಗ ಇಳಿಯುವುದನ್ನು ನಿಲ್ಲಿಸಿತು. ಅವಳ ಬೆರಳಿಗೆ ಒಂದು ಗೀರೂ ಆಗಲಿಲ್ಲ. ಅಂಚಿನಲ್ಲಿ ನಿಂತಿದ್ದವರೆಲ್ಲ ತಮಗೇ ತಿಳಿಯದಂತೆ ಕೂತುಬಿಟ್ಟಿದ್ದರು. ಹಾಸುಗಲ್ಲಿನ ಮೇಲಿದ್ದ ಹಿರಿಯರು ಕೆಳಗಿಳಿದು ಗರಸಿನ ಮೇಲೆ ಕೂತರು, ಎಲ್ಲರಿಗಿಂತ ಕೊನೆಗೆ ಮುದ್ದಣ್ಣಗೌಡ. ಆಗ ದುಗ್ಗವ್ವ ತನ್ನ ದೂರನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಅಣಕವನ್ನು, ಕಪ್ಪೆಯ ಕೂಗನ್ನು, ಬಾವಿಯನ್ನು, ಈಗಷ್ಟೇ ಕೇಳಿದ ನಗುವನ್ನು. ನಕ್ಕವರ ಹೆಸರನ್ನೂ ಒಂದೊಂದಾಗಿ ಹೇಳಿದಳು, ಹಿರಿಯರದನ್ನೂ ಬಿಡಲಿಲ್ಲ. ಯಾರೂ ಅಲ್ಲಗಳೆಯಲಿಲ್ಲ.

ಅವಳ ಮಾತು ಮುಗಿದಾಗ ಬೈರಲಿಂಗ ಎರಡೂ ಕೈ ನೆಲಕ್ಕೂರಿ, ಕಾಲೆಳೆಯುತ್ತ ಅವಳತ್ತ ತೆವಳತೊಡಗಿದ. ಈ ಸಲ ಅದು ಅಣಕವಾಗಿರಲಿಲ್ಲ. ತಪ್ಪೊಪ್ಪಿಕೊಳ್ಳಲು ಅವನಿಗೆ ತೋಚಿದ ದಾರಿ ಅದೊಂದೇ. ದುಗ್ಗವ್ವ ಅವನನ್ನು ಅರ್ಧದಲ್ಲೇ ತಡೆದಳು.

“ಎದ್ದು ಬಾರಪ್ಪ,” ಎಂದಳು. “ಆ ನಡಿಗೆ ನಂದು.”

ಅವನು ಎದ್ದ. ನಡೆದು ಬಂದು ಅವಳ ಮುಂದೆ ಕೂತು, ತಾನು ಮಾಡಿದ್ದನ್ನೆಲ್ಲ ತನ್ನ ಬಾಯಿಂದಲೇ ಹೇಳಿದ. ಆಮೇಲೆ ಹಾಳುಬಾವಿಗೆ ಇಳಿದು ಸಂಜೆಯವರೆಗೂ ತಡಕಾಡಿದ. ಸಿಕ್ಕಿದ್ದು ಒಂದೇ ಹಲಗೆ. ಇನ್ನೊಂದನ್ನು ಓಬಯ್ಯನ ಪಕ್ಕದಲ್ಲಿ ಕೂತು ಅವನೇ ಕೆತ್ತಿದ. ನಿಂತು ಹೇಳುವ ಕಟ್ಟಳೆಯನ್ನು ಹಿರಿಯರು ಅಂದೇ ತೆಗೆದುಹಾಕಿದರು, ನಿಲುಗಲ್ಲೆಂಬ ಹೆಸರು ಜನರ ಬಾಯಿಂದ ತಾನಾಗಿ ಬಿದ್ದುಹೋಯಿತು.

ಭೂಗರ್ಭಶಾಸ್ತ್ರದ ಮೇಷ್ಟ್ರೊಬ್ಬರು ಒಮ್ಮೆ ನನ್ನ ಜೊತೆ ಬಂದು, ಇಲ್ಲಿ ಅಡಿಮಣ್ಣು ಸಡಿಲ, ಬಂಡೆ ಕುಸಿದಿರಬಹುದು ಎಂದರು. ಇರಬಹುದು. ಅವರು ಅದನ್ನು ಹೇಳಿದ್ದೂ ಕೂತುಕೊಂಡೇ. ಮುದ್ದಣ್ಣಗೌಡನ ಮನೆತನದವರು ಇಂದಿಗೂ ವರ್ಷಕ್ಕೊಮ್ಮೆ ಬೇವಿನ ಮರದಲ್ಲಿ ಒಂದು ಜೊತೆ ಹೊಸ ಕೈಹಲಗೆ ಕೆತ್ತಿ ಬಂಡೆಯ ಬುಡದಲ್ಲಿಡುತ್ತಾರೆ. ನೋಡಲು ಬಂದವರು ಕೆಲವರು ತಮಾಷೆಗೆಂದು ಅವನ್ನು ಕೈಯಲ್ಲಿ ಹಿಡಿದು ನೆಲಕ್ಕೂರಲು ನೋಡುವುದುಂಟು. ಆಗ ಪಕ್ಕದಲ್ಲಿ ಕೂತ ಊರವರು ಯಾರಾದರೂ ದನಿಯೇರಿಸದೆ ಒಂದೇ ಮಾತು ಹೇಳುತ್ತಾರೆ: “ಇಟ್ಬಿಡಪ್ಪ. ಆ ನಡಿಗೆ ಅವಳದು.”