ಹತ್ತನೆಯ ಎಲೆ

ಮಕ್ಕಳೇ, ಒಂದು ಕಾಡಿನ ಕೊಳವು ಮಳೆಗಾಲದಲ್ಲಿ ಒಂದಾಗಿಯೂ ಬೇಸಿಗೆಯಲ್ಲಿ ಎರಡಾಗಿಯೂ ಇರುತ್ತಿತ್ತು. ನೀರು ಇಳಿದಾಗ ನಡುವಿನ ಬಂಡೆ ಮೇಲೆದ್ದು ಎರಡು ಗುಂಡಿಗಳಾಗುತ್ತಿದ್ದವು. ಬಡಗಣ ಗುಂಡಿ ಆಳವಾದದ್ದು. ಅಲ್ಲಿ ತಾವರೆಯ ಎಲೆಗಳಿದ್ದವು. ತೆಂಕಣ ಗುಂಡಿ ಒಂದು ಗೇಣು ಆಳದ್ದು. ಅಲ್ಲಿ ಇನ್ನೂ ಕಾಲು ಮೂಡದ ಗೊದಮೊಟ್ಟೆಗಳು ಬೆಳೆಯುತ್ತಿದ್ದವು.

ಬಡಗಣ ಗುಂಡಿಯಲ್ಲಿ ಕಪ್ಪೆಗಳು ದಿನವಿಡೀ ಎಲೆಯಾಟ ಆಡುತ್ತಿದ್ದವು. ಸಾಲಾಗಿ ಹತ್ತು ಎಲೆಗಳು. ಒಂದರಲ್ಲಿ ಒಂದು ಉಸಿರಿನಷ್ಟು ಹೊತ್ತು ನಿಂತರೂ ಎಲೆ ಮುಳುಗುತ್ತಿತ್ತು. ಆದುದರಿಂದ ನಿಲ್ಲುವಂತಿರಲಿಲ್ಲ, ಜಿಗಿಯುತ್ತಲೇ ಇರಬೇಕು. ಹೊಸಬರಿಗೆ ಒಂದು ಕಟ್ಟುಪಾಡಿತ್ತು. ಒಂದು ಮಳೆಗಾಲವನ್ನು ಕಳೆಯುವವರೆಗೆ ಅವರು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಬಿದ್ದರೆ ಹಳಬರು ನಗುತ್ತಿದ್ದರು. ದಾಟಿದರೆ ಬೇರೆ ಕಡೆ ನೋಡುತ್ತಿದ್ದರು.

ಹೊಸಬರಲ್ಲಿ ಚಂಗು ಎಂಬ ಕಪ್ಪೆಗೆ ಇದನ್ನು ಸಹಿಸಲಾಗುತ್ತಿರಲಿಲ್ಲ. ಅವನು ನಿದ್ದೆಯಲ್ಲಿಯೂ ಕಾಲು ಕೊಡವುತ್ತಿದ್ದನು.

ಆ ಬೇಸಿಗೆ ಬಿರುಸಾಗಿತ್ತು. ಮೇಲಿನ ಬಂಡೆಯಿಂದ ಒಂದೇ ಒಂದು ಒರತೆ ಸಣ್ಣಗೆ ಜಿನುಗುತ್ತಿತ್ತು. ಅದನ್ನು ಯಾವ ಗುಂಡಿಗೆ ಹರಿಸಬೇಕೆಂದು ಕಪ್ಪೆಗಳೆಲ್ಲವೂ ಸೇರಿ ತೀರ್ಮಾನಿಸಬೇಕಾಗಿತ್ತು. ತೀರ್ಮಾನವಾದ ಕಡೆಗೆ ಏಡಿಯು ಕಾಲುವೆ ತೋಡುತ್ತಿತ್ತು. ಆಮೇಲೆ ನೆಲವು ಒಣಗಿ ಕಲ್ಲಾಗುತ್ತಿದ್ದುದರಿಂದ ಎರಡನೆಯ ಕಾಲುವೆಯ ಮಾತೇ ಇರಲಿಲ್ಲ.

ಬಂಡೆಯ ಮೇಲೆ ಬಡಗಣಕ್ಕೊಂದು, ತೆಂಕಣಕ್ಕೊಂದು ಎಂದು ಎರಡು ಗೆರೆಗಳನ್ನು ಎಳೆದಿದ್ದರು. ಬಾಲ ಕರಗಿದ ಪ್ರತಿಯೊಂದು ಕಪ್ಪೆಯೂ ತನಗೆ ಬೇಕಾದ ಗೆರೆಯ ಮೇಲೆ ಒಂದು ಕಲ್ಲನ್ನು ಇಡಬೇಕು. ಸೂರ್ಯನು ನೆತ್ತಿಗೆ ಬಂದಾಗ ಆಮೆಯಜ್ಜಿಯು ಎಣಿಸುವಳು.

ಬೆಳಿಗ್ಗೆಯೇ ಚಂಗುವಿನ ತಂಗಿ ಹನಿ ಎಲೆಗಳ ಬಳಿಗೆ ಬಂದಳು.

"ಅಣ್ಣ, ಕಲ್ಲು ಇಡಲು ಬಾ. ತೆಂಕಣ ಗುಂಡಿಯಲ್ಲಿ ನೀರು ನಾಲ್ಕು ಬೆರಳೂ ಇಲ್ಲ. ನಮ್ಮ ತಮ್ಮಂದಿರು ಒಬ್ಬರ ಮೇಲೊಬ್ಬರು ಬಿದ್ದಿದ್ದಾರೆ."

"ಹೋಗೋಣ. ಇದೊಂದು ಸುತ್ತು ಮುಗಿಯಲಿ."

"ಪ್ರತಿ ಸಲವೂ ಇದನ್ನೇ ಹೇಳುತ್ತೀಯೆ."

"ಹನಿ, ನೀನೂ ಹೊಸಬಳೇ. ಕಲ್ಲು ಇಡಲು ಬಿಡುತ್ತಾರೆ, ಆದರೆ ಎಣಿಸುವುದಿಲ್ಲ. ಇಲ್ಲಿಯ ಹಾಗೆಯೇ ಅಲ್ಲಿಯೂ. ಸುಮ್ಮನೆ ಭಾರ ಹೊರುವುದೇಕೆ?"

ದಡದ ಮೇಲೆ ಕುಳಿತಿದ್ದ ಗೊಟರಪ್ಪನು ಈ ಮಾತನ್ನು ಕೇಳಿಸಿಕೊಂಡನು. ಅವನು ನಾಲ್ಕು ಮಳೆಗಾಲಗಳನ್ನು ಕಂಡ ಹಳಬ. ನೀರು ತನ್ನ ಗುಂಡಿಗೇ ಬರಬೇಕೆಂಬುದು ಅವನ ಆಸೆ. ಇಲ್ಲವಾದರೆ ಎಲೆಗಳು ಬಾಡಿ ಆಟ ಕೆಡುತ್ತಿತ್ತು. ಅವನು ಚಂಗುವಿನ ಮಾತನ್ನು ತಿದ್ದಲಿಲ್ಲ. ಗಂಟಲು ಸರಿಪಡಿಸಿಕೊಂಡು ಹೇಳಿದನು:

"ತಮ್ಮಂದಿರಾ, ಇಂದು ಒಂದು ವಿಶೇಷ. ಹತ್ತು ಎಲೆಗಳನ್ನೂ ಯಾರು ದಾಟುತ್ತಾರೋ ಅವರನ್ನು ಈ ಹೊತ್ತಿನಿಂದಲೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಮಳೆಗಾಲಕ್ಕೆ ಕಾಯಬೇಕಾಗಿಲ್ಲ."

ಹೊಸಬರ ಕಾಲುಗಳು ನೆಲದ ಮೇಲೆ ನಿಲ್ಲಲಿಲ್ಲ. ಹನಿಯು ಕರೆದಳು; ಕೆಲವರು ಅವಳ ಹಿಂದೆ ಹೋದರು. ಹನ್ನೊಂದು ಕಪ್ಪೆಗಳು ಅಲ್ಲಿಯೇ ಉಳಿದವು. ಚಂಗು ಅವರಲ್ಲಿ ಮೊದಲನೆಯವನು.

ಅವನು ಜಿಗಿದನು, ಐದನೆಯ ಎಲೆಯಲ್ಲಿ ಬಿದ್ದನು. ಮತ್ತೆ ಜಿಗಿದನು, ಏಳರಲ್ಲಿ ಬಿದ್ದನು.

"ಅಯ್ಯೋ ಪಾಪ, ಈಜು ಬರುತ್ತದೆ ತಾನೇ?" ಎಂದು ಒಬ್ಬ ಹಳಬ ನಕ್ಕನು.

"ಇನ್ನೂ ಬಾಲದ ನೆನಪು ಹೋಗಿಲ್ಲ," ಎಂದನು ಇನ್ನೊಬ್ಬ.

ಚಂಗು ಮೈ ಒರಸಿಕೊಳ್ಳದೆ ಮೊದಲ ಎಲೆಗೆ ಓಡಿದನು. ಹಳಬರು ಇಬ್ಬಿಬ್ಬರಾಗಿ ದಡದಿಂದ ಜಾರಿಹೋಗುತ್ತಿದ್ದುದನ್ನು ಅವನು ನೋಡಲಿಲ್ಲ. ಎಂಟು. ಒಂಬತ್ತು. ಮತ್ತೆ ನೀರು. ಬಿಸಿಲು ಬೆನ್ನನ್ನು ಸುಡುತ್ತಿತ್ತು. ಇನ್ನೊಂದೇ ಸಲ, ಇನ್ನೊಂದೇ ಸಲ ಎಂದು ಅವನು ತನಗೆ ತಾನೇ ಹೇಳಿಕೊಂಡನು.

ಕೊನೆಗೆ ಅವನು ಹತ್ತನೆಯ ಎಲೆಯನ್ನು ದಾಟಿ ದಡಕ್ಕೆ ಹಾರಿದನು.

"ಗೊಟರಪ್ಪನವರೇ, ನೋಡಿದಿರಾ?"

ದಡದ ಮೇಲೆ ಒಬ್ಬ ಹಳಬನೂ ಇರಲಿಲ್ಲ.

ಚಂಗು ಕೈಗೆ ಸಿಕ್ಕ ಕಲ್ಲನ್ನು ಬಾಯಿಯಲ್ಲಿ ಕಚ್ಚಿಕೊಂಡು ಬಂಡೆಯ ಕಡೆಗೆ ಓಡಿದನು. ಉಳಿದ ಹತ್ತು ಕಪ್ಪೆಗಳೂ ಹಿಂದೆಯೇ ಬಂದವು. ಆದರೆ ಸೂರ್ಯನು ನೆತ್ತಿಯನ್ನು ದಾಟಿದ್ದನು. ಏಡಿಯು ಆಗಲೇ ಬಡಗಣ ದಿಕ್ಕಿಗೆ ಮಣ್ಣು ತೆಗೆಯುತ್ತಿತ್ತು.

"ಬಡಗಣಕ್ಕೆ ಇಪ್ಪತ್ತೆರಡು, ತೆಂಕಣಕ್ಕೆ ಇಪ್ಪತ್ತು," ಎಂದಳು ಆಮೆಯಜ್ಜಿ. "ನೀವು ಎಷ್ಟು ಮಂದಿ?"

"ಹನ್ನೊಂದು," ಎಂದನು ಚಂಗು, ಕಲ್ಲನ್ನು ಕೆಳಗಿಟ್ಟು.

ಆಮೆಯಜ್ಜಿಯು ತೆಂಕಣ ಗೆರೆಯ ಕಲ್ಲುಗಳ ಕಡೆಗೆ ಮತ್ತೊಮ್ಮೆ ನೋಡಿದಳು.

"ನಾವು ಲೆಕ್ಕಕ್ಕಿಲ್ಲವಲ್ಲ, ಅಜ್ಜಿ," ಎಂದನು ಚಂಗು.

"ಅದು ಎಲೆಯಾಟದ ಕಟ್ಟುಪಾಡು. ಇಲ್ಲಿಯೂ ಹಾಗೆಯೇ ಎಂದು ನಿನಗೆ ಯಾರು ಹೇಳಿದರು?"

ಚಂಗು ಬಂಡೆಯ ಮೇಲೆ ಕುಳಿತಿದ್ದ ಗೊಟರಪ್ಪನನ್ನು ನೋಡಿದನು.

"ನನ್ನನ್ನೇಕೆ ನೋಡುತ್ತೀಯೆ?" ಎಂದನು ಗೊಟರಪ್ಪ. "ನಾನು ಆಟ ಆಡಿಸಿದೆ, ಅಷ್ಟೆ. ಉಳಿದದ್ದನ್ನು ನೀನೇ ಹೇಳಿಕೊಂಡೆ."

ಅದು ನಿಜವಾಗಿತ್ತು. ಚಂಗು ತಾನು ತಂದ ಕಲ್ಲನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದನು.

ಮೂರನೆಯ ದಿನಕ್ಕೆ ತೆಂಕಣ ಗುಂಡಿ ಕೆಸರಾಯಿತು. ಹೊಸಬರೆಲ್ಲರೂ ಗೊದಮೊಟ್ಟೆಗಳನ್ನು ಒಂದೊಂದಾಗಿ ಬೆನ್ನಿನ ಮೇಲೆ ಹೊತ್ತು, ಕಾದ ಬಂಡೆಯನ್ನು ದಾಟಿ, ಬಡಗಣ ಗುಂಡಿಗೆ ಬಿಡತೊಡಗಿದರು. ಚಂಗು ಎಲ್ಲರಿಗಿಂತ ಹೆಚ್ಚು ಸಲ ಹೋಗಿಬಂದನು. ಅವನ ಅಂಗಾಲು ಸುಲಿದುಹೋಯಿತು. ಕೆಲವು ಮರಿಗಳು ದಾರಿಯಲ್ಲಿಯೇ ಬೆನ್ನಿಗೆ ಅಂಟಿ ಒಣಗಿದವು.

ಸಂಜೆ ಹನಿಯು ನೀರಿನ ಅಂಚಿನಲ್ಲಿ ಕುಳಿತು ತಮ್ಮಂದಿರನ್ನು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಎಷ್ಟು ಎಂದು ಕೇಳುವ ಧೈರ್ಯ ಚಂಗುವಿಗೆ ಬರಲಿಲ್ಲ.

ನೀತಿ: ನನ್ನ ಮತ ಲೆಕ್ಕಕ್ಕಿಲ್ಲವೆಂದು ತಾನೇ ತೀರ್ಮಾನಿಸಿ ದೂರ ಉಳಿದವನ ಪಾಲನ್ನು, ತಪ್ಪದೆ ಬಂದವರು ತೀರ್ಮಾನಿಸುತ್ತಾರೆ.