ಹೂದಾನಿಯ ಹೊಕ್ಕುಳು

ತುಂಗಭದ್ರೆಯ ದಂಡೆಯಲ್ಲಿ ಪಂಪವ್ವನ ಗಾಜಿನ ಕುಲುಮೆ. ಕರಗಿದ ಗಾಜನ್ನು ಕೊಳವೆಯ ತುದಿಗೆ ಹಿಡಿದು, ಉಸಿರೂದಿ ಹೂದಾನಿ ಮಾಡುವುದು ಅಲ್ಲಿಯ ವಿದ್ಯೆ.

ಕಲಿತು ಮುಗಿಸಿದ ಶಿಷ್ಯ ಒಂದು ಹೂದಾನಿ ಮಾಡಿ ಗುರುವಿನ ಮುಂದಿಡಬೇಕು. ಅವ್ವನ ಮನಸ್ಸಿಗೆ ಬಂದರೆ ತನ್ನ ಕುಲುಮೆಯ ಕೆಂಡ ಕೊಡುತ್ತಾಳೆ. ಆ ಕೆಂಡವಿಲ್ಲದೆ ಯಾರೂ ಸ್ವಂತ ಕುಲುಮೆ ಹೊತ್ತಿಸುವಂತಿಲ್ಲ.

ಶಿಷ್ಯರಲ್ಲಿ ಗಾದಿಲಿಂಗ ಅವಸರದ ಮನುಷ್ಯ. ತನ್ನೂರಲ್ಲಿ ಆಗಲೇ ಕುಲುಮೆ ಕಟ್ಟಿಸಿಬಿಟ್ಟಿದ್ದ. ತುಂಬಿದ ಬಸುರಿ ಹೆಂಡತಿ ದಿನಾ ದಾರಿ ನೋಡುತ್ತಿದ್ದಳು. ಇನ್ನು ಬೇಕಾದದ್ದು ಕೆಂಡ ಮಾತ್ರ.

ಕೈಯಿಂದ ಮಾಡಿದ ಹೂದಾನಿಯ ತಳದಲ್ಲಿ, ಬಿಸಿ ಗಾಜನ್ನು ಹಿಡಿದಿದ್ದ ಕಬ್ಬಿಣದ ಸಲಾಕೆಯಿಂದ ಬಿಡಿಸಿದ ಕಡೆ, ಒಂದು ಒರಟು ಗುರುತು ಉಳಿಯುತ್ತದೆ. ಕುಲುಮೆಯವರು ಅದನ್ನು ಹೊಕ್ಕುಳು ಅನ್ನುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದಂತೆ. ಇವನಿಗೆ ನೋಡಿ, ತನ್ನ ಕೂಸಿನ ಹೊಕ್ಕುಳೇ ನಾಚಿಕೆ!

ಪೇಟೆಯಿಂದ ಹೊಕ್ಕುಳಿಲ್ಲದ ಯಂತ್ರದ ಹೂದಾನಿಯೊಂದನ್ನು ತಂದು, ಕೂದಲೆಳೆ ಹೆಚ್ಚುಕಮ್ಮಿಯಾಗದಂತೆ ಅದರ ಹಾಗೇ ತನ್ನದನ್ನು ಮಾಡಿದ. ತಳವನ್ನು ಹೊಳೆಯ ಕಲ್ಲಿಗೆ ಉಜ್ಜಿ ಉಜ್ಜಿ ನುಣುಪು ಮಾಡಿದ. ಎರಡನ್ನೂ ಅವ್ವನ ಮುಂದಿಟ್ಟು, ತನ್ನದು ಯಾವುದೆಂದು ತೋರಿಸಿದ.

ಪಂಪವ್ವ ಅದರ ಅಂದ ನೋಡಲಿಲ್ಲ, ತಳಕ್ಕೆ ಬೆರಳಾಡಿಸಿದಳು.

"ಹೊಕ್ಕಳ ಎಲ್ಲಿ ಹೋತು?"

"ಉಜ್ಜಿಬಿಟ್ಟೆ ಅವ್ವಾ. ಪ್ಯಾಟಿದು ಯಾವುದು, ನಂದು ಯಾವುದು, ಇನ್ನ ಯಾರಿಗೂ ತಿಳಿಯಂಗಿಲ್ಲ."

ಹೂಂ ಎಂದಳು ಅವ್ವ. ಹೊಳೆಯಿಂದ ಒಂದು ಕೊಡ ನೀರು ತರಲು ಕಳಿಸಿದಳು.

ಅವನು ಬರುವಷ್ಟರಲ್ಲಿ ಎರಡು ಹೂದಾನಿಗಳೂ ಹಲಗೆಯ ಮೇಲೆ ಕೂತಿದ್ದವು. ನಿನ್ನದಕ್ಕೆ ನೀರು ಹಾಕು, ಹೂವು ಇಡೋಣ ಎಂದಳು.

ಗಾದಿಲಿಂಗ ಕೊಡ ಎತ್ತಿದವನು ಹಾಗೇ ನಿಂತ. ಕೊಡ ಇಳಿಸಿ ಒಂದನ್ನು ಬೆಳಕಿಗೆ ಹಿಡಿದ, ಇನ್ನೊಂದನ್ನು ತಟ್ಟಿ ನೋಡಿದ. ಪಕ್ಕದಲ್ಲೇ ಅವ್ವನ ಹಳೆಯ ಹೂದಾನಿಯಿತ್ತು. ಬಾಯಿ ಸೊಟ್ಟ, ಹೊಟ್ಟೆಯಲ್ಲಿ ಸಾಸಿವೆಯಷ್ಟು ಗುಳ್ಳೆ. ಅದನ್ನಾದರೆ ಕಣ್ಣು ಮುಚ್ಚಿ ಗುರುತಿಸುತ್ತಿದ್ದ. ಅವನಿಗೆ ಅಳು ಬಂತು.

"ನಂದು ಯಾವುದಂತ ತಿಳೀವಲ್ದು ಅವ್ವಾ."

ಪಂಪವ್ವ ಕೊಳವೆ ಒರೆಸುತ್ತಿದ್ದಳು. ಹೆಂಡತಿ ಕಾಯುತ್ತಿದ್ದಾಳೆ, ಕುಲುಮೆ ತಣ್ಣಗೆ ಕೂತಿದೆ ಎಂದೆಲ್ಲ ಅವನು ಹೇಳಿಕೊಂಡ. ಕಡೆಗೆ, ಹಂಗಾರ ನನಗ ಕೆಂಡ ಇಲ್ಲೇನು ಎಂದು ಕೇಳಿದ. ಅವ್ವ ಆ ಎರಡರಲ್ಲಿ ಒಂದನ್ನು ಎತ್ತಿ ಅವನ ಕೈಗಿಟ್ಟಳು.

"ಕೆಂಡಕ್ಕೇನು ಬರ, ಮಗಾ? ಕುಲುಮಿ ತುಂಬ ಐತಿ. ಹೋಗು, ಇದನ್ನ ಮಾಡಿದವನ್ನ ಕರಕೊಂಡು ಬಾ."